ಲಾಗ್ ಎಲ್ಲಿಡುವುದು, ಯಾವುದರಲ್ಲಿ ನೋಡುವುದು: ಉತ್ತರ ಕನ್ನಡದ ಒಬ್ಬಂಟಿ ಅಡ್ಮಿನ್‌ಗಳಿಗೆ

ಶಿರಸಿಯ ಸೊಸೈಟಿಯ ಬಿಲ್ಲಿಂಗ್ ಸರ್ವರ್, ಕಾರವಾರದ ಕಾಲೇಜಿನ ಪ್ರವೇಶ ಪೋರ್ಟಲ್, ಗೋಕರ್ಣದ ಹೋಂಸ್ಟೇ ಬುಕಿಂಗ್ ತಾಣ. ಇಂಥ ಕಡೆ ಸರ್ವರ್ ನೋಡಿಕೊಳ್ಳುವವರು ಸಾಮಾನ್ಯವಾಗಿ ಒಬ್ಬರೇ. ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡರೂ ಅವರನ್ನೇ ಕರೆಯುತ್ತಾರೆ. ಅವರು ಪದೇ ಪದೇ ಕೇಳುವ ಪ್ರಶ್ನೆ: ಲಾಗ್ ನೋಡೋದಕ್ಕೆ ಎಲಾಸ್ಟಿಕ್‌ಸರ್ಚ್ ಹಾಕಬೇಕಾ, ಗ್ರಫಾನಾ ಲೋಕಿ ಸಾಕಾ, ಇಲ್ಲಾ ಈಗಿರುವ ಗ್ರೆಪ್‌ನಲ್ಲೇ ಮುಂದುವರಿಯೋದಾ? (ಲಾಗ್ ಎಂದರೆ ಸರ್ವರ್‌ನ ಪ್ರೋಗ್ರಾಂಗಳು ನಡೆದದ್ದನ್ನು ಸಾಲುಸಾಲಾಗಿ ಬರೆದಿಡುವ ದಾಖಲೆ. ಗ್ರೆಪ್ ಅದರಲ್ಲಿ ಪದ ಹುಡುಕುವ ಟರ್ಮಿನಲ್ ಆಜ್ಞೆ, ಉಳಿದೆರಡು ಲಾಗನ್ನು ಒಂದೆಡೆ ಸೇರಿಸಿ ಹುಡುಕುವ ತಂತ್ರಾಂಶಗಳು.)

ಸಾಧನಗಳನ್ನು ಹೋಲಿಸುವ ಮೊದಲು ಒಂದು ಮಾತು. ಲಾಗ್ ನಿಜಕ್ಕೂ ಬೇಕಾಗುವುದು ಸರ್ವರ್ ಬಿದ್ದಾಗ, ಇಲ್ಲವೇ ಯಾರೋ ಒಳಹೊಕ್ಕಾಗ. ಬಿದ್ದ ಯಂತ್ರದೊಳಗೇ ಅದರ ಲಾಗ್ ಇದ್ದರೆ ಎಷ್ಟು ಚಂದದ ಡ್ಯಾಶ್‌ಬೋರ್ಡ್ ಇದ್ದೂ ಉಪಯೋಗವಿಲ್ಲ. ಹಾಗಾಗಿ ಮೊದಲು ನೋಡಬೇಕಾದ್ದು ಲಾಗ್ ಯಾವ ಹೊತ್ತಿಗೆ ಎಲ್ಲಿರುತ್ತದೆ ಎಂಬುದನ್ನು. ನೋಡುವ ಪರದೆಯ ವಿಚಾರ ಆಮೇಲೆ.

ಅಳತೆಗೋಲುಗಳು

ಮೊದಲನೆಯದು ಗಾತ್ರ. ವೆಬ್ ಸರ್ವರ್ ತಂತ್ರಾಂಶ ಎಂಜಿನೆಕ್ಸ್ ಪ್ರತಿ ವಿನಂತಿಯನ್ನೂ ಬರೆದಿಡುವ ಆಕ್ಸೆಸ್ ಲಾಗ್‌ನಲ್ಲಿ ಒಂದು ಸಾಲು ಸುಮಾರು 200ರಿಂದ 250 ಬೈಟ್. ದಿನಕ್ಕೆ 1 ಲಕ್ಷ ವಿನಂತಿ ಬರುವ ತಾಣವಾದರೂ ದಿನಕ್ಕೆ 25 ಎಂಬಿ, 180 ದಿನಕ್ಕೆ 4.5 ಜಿಬಿ. ಜಿಜಿಪ್‌ನಿಂದ ಕುಗ್ಗಿಸಿದರೆ ಸುಮಾರು ಹತ್ತನೇ ಒಂದು ಪಾಲು, ಅಂದರೆ ಅರ್ಧ ಜಿಬಿಯೂ ಇಲ್ಲ. ನಮ್ಮ ಜಿಲ್ಲೆಯ ಬಹುಪಾಲು ಸರ್ವರ್‌ಗಳಲ್ಲಿ ದಿನಕ್ಕೆ 1 ಲಕ್ಷ ವಿನಂತಿಯೂ ಇರುವುದಿಲ್ಲ. ನಿಮ್ಮ ಲೆಕ್ಕ ಹಾಕಿಕೊಳ್ಳಿ. ದಿನಕ್ಕೆ 1 ಜಿಬಿ ದಾಟದಿದ್ದರೆ ‘ದೊಡ್ಡ ದತ್ತಾಂಶ’ದ ಸಾಧನಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಎರಡನೆಯದು ಇಟ್ಟುಕೊಳ್ಳಬೇಕಾದ ಅವಧಿ. ಸೈಬರ್ ಭದ್ರತೆಯ ಕೇಂದ್ರ ಸರ್ಕಾರಿ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಸೇವೆ ಒದಗಿಸುವವರು, ಡೇಟಾ ಸೆಂಟರ್‌ಗಳು, ಕಂಪನಿಗಳು, ಸರ್ಕಾರಿ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಅದರ ಪ್ರಕಾರ ಲಾಗ್‌ಗಳನ್ನು ಸದಾ ಹಿಂದಿನ 180 ದಿನಗಳಷ್ಟು ಇಟ್ಟಿರಬೇಕು, ಪಟ್ಟಿ ಮಾಡಿದ ಬಗೆಯ ಸೈಬರ್ ಘಟನೆಗಳನ್ನು ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, ಗಡಿಯಾರವನ್ನು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಅಥವಾ ಎನ್‌ಪಿಎಲ್‌ನ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಸಮಯ ಸರ್ವರ್‌ಗೆ ಹೊಂದಿಸಿರಬೇಕು. ಡೆಬಿಯನ್ ಲಿನಕ್ಸ್‌ನಲ್ಲಿ ಎಂಜಿನೆಕ್ಸ್ ಜತೆ ಬರುವ ಲಾಗ್‌ರೊಟೇಟ್ (ಹಳೆಯ ಲಾಗ್ ಕಡತವನ್ನು ಪಕ್ಕಕ್ಕಿಟ್ಟು ಹೊಸದನ್ನು ಶುರು ಮಾಡುವ ಸಾಧನ) ಸೆಟ್ಟಿಂಗ್ ದಿನಕ್ಕೊಂದರಂತೆ ಹಳೆಯ 14 ಕಡತಗಳನ್ನಷ್ಟೇ ಉಳಿಸುತ್ತದೆ. ಬದಲಾಯಿಸದಿದ್ದರೆ ಹದಿನೈದನೇ ದಿನದ ಹಿಂದಿನದು ಇಲ್ಲವೇ ಇಲ್ಲ.

ಮೂರನೆಯದು ಕರೆಂಟು ಮತ್ತು ನೆಟ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇವಿಮನೆ ಘಟ್ಟದಲ್ಲೋ ಅರಬೈಲ್‌ನಲ್ಲೋ ಮರ ಬಿದ್ದು ತಂತಿ, ಫೈಬರ್ ಎರಡೂ ಹೋಗುವುದು ನಮಗೆ ಹೊಸತಲ್ಲ. ಶಾಖೆಯಿಂದ ಮುಖ್ಯ ಕಚೇರಿಗೆ ಲಾಗ್ ಕಳಿಸುವ ಯಾವುದೇ ವ್ಯವಸ್ಥೆಯನ್ನು ಕೇಳಬೇಕಾದ ಪ್ರಶ್ನೆ: ನಡುವೆ ಎರಡು ದಿನ ನೆಟ್ ಇಲ್ಲದಿದ್ದರೆ ಆ ಎರಡು ದಿನದ ಸಾಲುಗಳು ಏನಾಗುತ್ತವೆ? ಈ ಪ್ರಶ್ನೆಗೆ ಸಿಗುವ ಉತ್ತರ ಸಾಧನದಿಂದ ಸಾಧನಕ್ಕೆ ತುಂಬ ಬೇರೆ. ಬೆಂಗಳೂರಿನ ಡೇಟಾ ಸೆಂಟರ್ ಕಣ್ಣಮುಂದಿಟ್ಟುಕೊಂಡು ಬರೆದ ಮಾರ್ಗದರ್ಶಿಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ.

ಉಳಿದ ಎರಡು ಸರಳ: ಯಂತ್ರದಲ್ಲಿ ಎಷ್ಟು ರ್ಯಾಮ್ ಬಿಡುವಿದೆ, ಮತ್ತು ನೋಡುವವರು ಯಾರು. ನೀವೊಬ್ಬರೇ ಆದರೆ ಟರ್ಮಿನಲ್ ಸಾಕು. ಮ್ಯಾನೇಜರ್‌ಗೆ, ಆಡಿಟರ್‌ಗೆ ತೋರಿಸಬೇಕಾದರೆ ಬ್ರೌಸರ್‌ನಲ್ಲಿ ಕಾಣುವಂಥದ್ದು ಬೇಕು.

ಆಯ್ಕೆ 1: ಇದ್ದಲ್ಲೇ ಇಟ್ಟು, ಟರ್ಮಿನಲ್‌ನಲ್ಲಿ ನೋಡುವುದು

ಖರ್ಚಿಲ್ಲ, ರ್ಯಾಮ್ ಬೇಡ. ಒಂದು-ಎರಡು ಯಂತ್ರಗಳಿಗೆ ಇದಕ್ಕಿಂತ ವೇಗವಾದದ್ದೂ ಇಲ್ಲ. ಆದರೆ ಡಿಸ್ಟ್ರಿಬ್ಯೂಷನ್ ಕೊಟ್ಟಂತೆಯೇ ಬಿಟ್ಟರೆ ಮೂರು ಕಡೆ ಕೈಕೊಡುತ್ತದೆ.

ಒಂದು, ಜರ್ನಲ್‌ಡಿ, ಅಂದರೆ ಲಿನಕ್ಸ್‌ನಲ್ಲಿ ಸಿಸ್ಟಂನ ಲಾಗ್ ಕೂಡಿಡುವ ಸೇವೆ. ಅದರ ಸ್ಟೋರೇಜ್ ಸೆಟ್ಟಿಂಗ್ ‘ಆಟೋ’ ಆಗಿದ್ದು /ವಾರ್/ಲಾಗ್/ಜರ್ನಲ್ ಎಂಬ ಫೋಲ್ಡರ್ ಇಲ್ಲದಿದ್ದರೆ, ಲಾಗ್ ರ್ಯಾಮ್‌ನಲ್ಲಷ್ಟೇ ಇರುತ್ತದೆ; ರೀಬೂಟ್ ಆದರೆ ಎಲ್ಲ ಖಾಲಿ. ಸರ್ವರ್ ಯಾಕೆ ಬಿತ್ತು ಎಂದು ನೋಡಲು ಹೋದಾಗಲೇ ಇದು ಗೊತ್ತಾಗುವುದು. ‘ಪರ್ಸಿಸ್ಟೆಂಟ್’ ಎಂದು ಬದಲಾಯಿಸಿ. ಜಾಗದ ಮಿತಿ ತಾನಾಗಿ ಡಿಸ್ಕ್‌ನ ಶೇ. 10, ಹೆಚ್ಚೆಂದರೆ 4 ಜಿಬಿ. 180 ದಿನಕ್ಕೆ ಇದು ಸಾಲದಿದ್ದರೆ ಸಿಸ್ಟಂ ಮ್ಯಾಕ್ಸ್ ಯೂಸ್ ಏರಿಸಿ. ನಮ್ಮ ಕಡೆಯವರು ಮುಟ್ಟಲೇಬೇಕಾದ ಇನ್ನೊಂದು ಸೆಟ್ಟಿಂಗ್ ಸಿಂಕ್ ಇಂಟರ್‌ವಲ್. ಮೂಲತಃ ಅದು 5 ನಿಮಿಷ. ಕ್ರಿಟಿಕಲ್ ಮತ್ತು ಅದಕ್ಕಿಂತ ಗಂಭೀರ ಸಂದೇಶಗಳನ್ನು ಜರ್ನಲ್‌ಡಿ ತಕ್ಷಣ ಡಿಸ್ಕ್‌ಗೆ ಇಳಿಸುತ್ತದೆ, ಉಳಿದವಕ್ಕೆ 5 ನಿಮಿಷ ಕಾಯಬಹುದು. ಕರೆಂಟು ಹೋಗಿ ಯುಪಿಎಸ್ ಬ್ಯಾಟರಿಯೂ ಕೈಬಿಟ್ಟರೆ, ಬೀಳುವ ಮುಂಚಿನ ಆ ಐದು ನಿಮಿಷ, ಅಂದರೆ ನಿಮಗೆ ಬೇಕಾದ ಐದು ನಿಮಿಷವೇ, ಇಲ್ಲದಿರಬಹುದು. 20–30 ಸೆಕೆಂಡಿಗೆ ಇಳಿಸಿ. ಎಸ್‌ಎಸ್‌ಡಿಗೆ ಅದು ಹೊರೆಯಲ್ಲ.

ಎರಡು, ಲಾಗ್‌ರೊಟೇಟ್. ಡಿಸ್ಕ್ ತುಂಬಿದೆ ಎಂದು ಯಾರೋ ಆರ್‌ಎಂ ಹಾಕಿ 20 ಜಿಬಿಯ ಕಡತ ಅಳಿಸುತ್ತಾರೆ. ಡಿಯು ಕೊಟ್ಟರೆ ಫೋಲ್ಡರ್ ಖಾಲಿ, ಡಿಎಫ್ ಕೊಟ್ಟರೆ ಡಿಸ್ಕ್ ಈಗಲೂ ಶೇ. 100. ಕಾರಣ, ಬರೆಯುತ್ತಿರುವ ಪ್ರೋಗ್ರಾಂ ಆ ಕಡತವನ್ನು ಇನ್ನೂ ತೆರೆದೇ ಹಿಡಿದಿದೆ. ಹೆಸರು ಹೋಗಿದೆ, ಜಾಗ ಹೋಗಿಲ್ಲ. ತೆರೆದ ಕಡತಗಳನ್ನು ತೋರಿಸುವ ಎಲ್‌ಎಸ್‌ಒಎಫ್‌ಗೆ ‘ಪ್ಲಸ್ ಎಲ್ 1’ ಆಯ್ಕೆ ಕೊಟ್ಟರೆ ಅಂಥ ಕಡತ ಹಿಡಿದ ಪ್ರೋಗ್ರಾಂ ಯಾವುದೆಂದು ಕಾಣುತ್ತದೆ. ಅದನ್ನು ರೀಸ್ಟಾರ್ಟ್ ಮಾಡಿದರೆ ಜಾಗ ಬಿಡುಗಡೆ. ಅಳಿಸುವ ಬದಲು ಟ್ರಂಕೇಟ್ ಮಾಡಿ ಒಳಗಿನದನ್ನಷ್ಟೇ ಖಾಲಿ ಮಾಡಿದ್ದರೆ ಈ ಫಜೀತಿಯೇ ಇರುತ್ತಿರಲಿಲ್ಲ. ಇದೇ ಕಾರಣಕ್ಕೆ ರೊಟೇಟ್ ಆದಮೇಲೆ ಎಂಜಿನೆಕ್ಸ್‌ಗೆ ಯುಎಸ್‌ಆರ್1 ಸಿಗ್ನಲ್ ಕಳಿಸಿ ಹೊಸ ಕಡತ ತೆರೆಯಲು ಹೇಳಬೇಕು. ಸಿಗ್ನಲ್ ಅರ್ಥವಾಗದ ಹಳೆಯ ಅಪ್ಲಿಕೇಶನ್‌ಗಳಿಗೆ ‘ಕಾಪಿ ಟ್ರಂಕೇಟ್’ ಇದೆ. ನಕಲು ಮಾಡಿ ಖಾಲಿ ಮಾಡುವ ನಡುವೆ ಬಂದ ಕೆಲವು ಸಾಲು ಹೋಗುತ್ತವೆ ಎಂದು ಒಪ್ಪಿಕೊಂಡೇ ಬಳಸಿ. ಇನ್ನೊಂದು: 100 ಎಂಬಿ ಆದಾಗ ರೊಟೇಟ್ ಮಾಡು ಎಂದು ಬರೆದರೂ ಲಾಗ್‌ರೊಟೇಟ್ ಏಳುವುದು ದಿನಕ್ಕೊಮ್ಮೆ ಮಾತ್ರ. ಮಧ್ಯಾಹ್ನ ಲಾಗ್ ಉಕ್ಕಿದರೆ ಅದಕ್ಕೆ ತಿಳಿಯುವುದು ಮಧ್ಯರಾತ್ರಿಯ ಹೊತ್ತಿಗೆ. ಗಾತ್ರದ ನಿಯಮ ಬೇಕೆಂದರೆ ಟೈಮರನ್ನು ಗಂಟೆಗೊಮ್ಮೆ ಮಾಡಿ. ಯಾವ ಬದಲಾವಣೆಯನ್ನೂ ಮೊದಲು ಡಿ ಆಯ್ಕೆಯಲ್ಲಿ ಓಡಿಸಿ ನೋಡಿ, ಅದು ಏನನ್ನೂ ಮುಟ್ಟದೆ ಏನು ಮಾಡಲಿದೆ ಎಂದಷ್ಟೇ ಹೇಳುತ್ತದೆ.

ಮೂರು, ಡಾಕರ್, ಅಂದರೆ ಅಪ್ಲಿಕೇಶನ್‌ಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಪೊಟ್ಟಣಗಳಲ್ಲಿ ಓಡಿಸುವ ಸಾಧನ. ಅದು ಮೂಲತಃ ಕಂಟೇನರ್ ಲಾಗ್‌ಗಳನ್ನು ಜೇಸನ್ ಕಡತಕ್ಕೆ ಬರೆಯುತ್ತದೆ, ಎಂದೂ ರೊಟೇಟ್ ಮಾಡುವುದಿಲ್ಲ. ಡೀಮನ್‌ನ ಸೆಟ್ಟಿಂಗ್‌ನಲ್ಲಿ ಮ್ಯಾಕ್ಸ್ ಸೈಜ್, ಮ್ಯಾಕ್ಸ್ ಫೈಲ್ ಎರಡೂ ಕೊಡಿ. ಈಗಾಗಲೇ ಓಡುತ್ತಿರುವ ಕಂಟೇನರ್‌ಗಳಿಗೆ ಇದು ತಾಗುವುದಿಲ್ಲ, ಅವನ್ನು ಅಳಿಸಿ ಮತ್ತೆ ಸೃಷ್ಟಿಸಬೇಕು.

ನೋಡುವುದಕ್ಕೆ: ಕಡತದ ಕೊನೆಯ ಸಾಲುಗಳನ್ನು ತೋರಿಸುವ ಟೇಲ್ ಬಳಸುವವರು ಚಿಕ್ಕ ಎಫ್ ಬಿಟ್ಟು ದೊಡ್ಡ ಎಫ್ ರೂಢಿ ಮಾಡಿಕೊಳ್ಳಿ. ಚಿಕ್ಕದು ರೊಟೇಟ್ ಆದ ಹಳೇ ಕಡತಕ್ಕೇ ಅಂಟಿಕೊಂಡು ಕೂರುತ್ತದೆ, ಲಾಗ್ ನಿಂತೇಹೋಯಿತು ಅನ್ನಿಸುತ್ತದೆ. ಜರ್ನಲ್‌ಡಿಯ ಲಾಗ್ ಓದುವ ಜರ್ನಲ್‌ಸಿಟಿಎಲ್‌ನಲ್ಲಿ ಯು ಆಯ್ಕೆಯಿಂದ ಒಂದೇ ಸರ್ವಿಸ್, ಪಿ ಆಯ್ಕೆಯಿಂದ ಎರರ್ ಮಟ್ಟ, ಬಿ ಜತೆ ಮೈನಸ್ 1 ಕೊಟ್ಟರೆ ಹಿಂದಿನ ಬೂಟ್‌ನ ಸಾಲುಗಳು. ಕರೆಂಟು ಬಂದ ಬೆಳಿಗ್ಗೆ ಮೊದಲು ಕೊಡಬೇಕಾದ ಆಜ್ಞೆ ಈ ಕೊನೆಯದೇ. ಇವೆಲ್ಲಕ್ಕಿಂತ ಆರಾಮ ಬೇಕೆಂದರೆ ಎಲ್‌ನಾವ್ ಹಾಕಿಕೊಳ್ಳಿ. ಎಂಜಿನೆಕ್ಸ್‌ನ ಎರರ್ ಲಾಗ್, ಪಿಎಚ್‌ಪಿ ಲಾಗ್, ಸಿಸ್‌ಲಾಗ್ ಮೂರನ್ನೂ ಕೊಟ್ಟರೆ ಸಮಯದ ಪ್ರಕಾರ ಹೆಣೆದು ಒಂದೇ ಪಟ್ಟಿಯಾಗಿ ತೋರಿಸುತ್ತದೆ, ಜಿಜಿಪ್ ಕಡತವನ್ನೂ ನೇರ ತೆರೆಯುತ್ತದೆ, ಎಸ್‌ಕ್ಯುಎಲ್ ಪ್ರಶ್ನೆಯನ್ನೂ ಕೇಳಬಹುದು. ‘11:40ಕ್ಕೆ 502 ಎರರ್ ಯಾಕೆ ಬಂತು’ ಎಂಬಂಥ ಹುಡುಕಾಟಕ್ಕೆ ಇದು ಹೇಳಿ ಮಾಡಿಸಿದ್ದು. ತಾಣಕ್ಕೆ ಯಾರು ಬಂದರು, ಯಾವ ಪುಟ ನೋಡಿದರು ಎಂಬ ಲೆಕ್ಕವಷ್ಟೇ ಬೇಕಾದ ಹೋಂಸ್ಟೇ ಮಾಲೀಕರಿಗೆ ಗೋಆಕ್ಸೆಸ್‌ನಿಂದ ಒಂದು ಎಚ್‌ಟಿಎಂಎಲ್ ವರದಿ ತೆಗೆದುಕೊಟ್ಟರೆ ಮುಗಿಯಿತು.

ಕೊರತೆ ಹೇಳಿಯಾಗಿದೆ. ಯಂತ್ರ ಹೋದರೆ ಲಾಗೂ ಹೋಯಿತು. ಒಳಹೊಕ್ಕವನು ಮೊದಲು ಅಳಿಸುವುದೂ ಲಾಗನ್ನೇ.

ಆಯ್ಕೆ 2: ಆರ್‌ಸಿಸ್‌ಲಾಗ್, ಒಂದು ಕೇಂದ್ರ ಯಂತ್ರ

ಆರ್‌ಸಿಸ್‌ಲಾಗ್ ಅಂದರೆ ಲಾಗ್ ಸಾಲುಗಳನ್ನು ಬೇರೆ ಯಂತ್ರಕ್ಕೆ ಕಳಿಸಬಲ್ಲ ಸೇವೆ. ಜಿಲ್ಲೆಯ ಹೆಚ್ಚಿನ ಕಚೇರಿಗಳಿಗೆ ನಾನು ಹೇಳುವುದು ಇದನ್ನೇ. ಪ್ರತಿ ಸರ್ವರ್ ತನ್ನ ಪ್ರತಿ ತಾನಿಟ್ಟುಕೊಂಡು, ಇನ್ನೊಂದು ಪ್ರತಿಯನ್ನು ಸಂಗ್ರಹ ಯಂತ್ರಕ್ಕೆ ಕಳಿಸುತ್ತದೆ. ಅಲ್ಲಿ ಯಂತ್ರಕ್ಕೊಂದು ಫೋಲ್ಡರ್, ದಿನಕ್ಕೊಂದು ಕಡತ. ನೋಡಲು ಅದೇ ಎಲ್‌ನಾವ್, ಅದೇ ಗ್ರೆಪ್. ಸಂಗ್ರಹಕ್ಕೆ 4 ಜಿಬಿ ರ್ಯಾಮ್‌ನ ಹಳೇ ಡೆಸ್ಕ್‌ಟಾಪ್, 250 ಜಿಬಿ ಎಸ್‌ಎಸ್‌ಡಿ ಧಾರಾಳ. ರಾಸ್ಪ್‌ಬೆರಿ ಪೈ ಕೂಡ ಆದೀತು, ಆದರೆ ಎಸ್‌ಡಿ ಕಾರ್ಡ್ ಮೇಲೆ ಲಾಗ್ ಬರೆಸಬೇಡಿ, ಬೇಗ ಸವೆಯುತ್ತದೆ. ಯುಎಸ್‌ಬಿ ಎಸ್‌ಎಸ್‌ಡಿ ಹಾಕಿ. ಕಾರವಾರ, ಅಂಕೋಲಾ ಕಡೆಯವರು ಅದನ್ನು ಕಡಲಿನತ್ತ ತೆರೆಯುವ ಕಿಟಕಿಯ ಪಕ್ಕ ಇಡದಿದ್ದರೆ ಒಳ್ಳೆಯದು. ಉಪ್ಪುಗಾಳಿಗೆ ಕನೆಕ್ಟರ್‌ಗಳು ಕಿಲುಬು ಹಿಡಿಯುತ್ತವೆ.

ಡೆಬಿಯನ್ 12ರಿಂದ ಆರ್‌ಸಿಸ್‌ಲಾಗ್ ತಾನಾಗಿ ಬರುವುದಿಲ್ಲ, ನೀವೇ ಹಾಕಿಕೊಳ್ಳಬೇಕು. ಕಳಿಸುವುದು 514ನೇ ಪೋರ್ಟ್‌ನ ಯುಡಿಪಿಯಲ್ಲಿ ಬೇಡ. ಆಚೆ ತುದಿಯಲ್ಲಿ ಯಾರೂ ಇಲ್ಲದಿದ್ದರೂ ಅದು ಕಳಿಸುತ್ತಲೇ ಇರುತ್ತದೆ, ಸಾಲುಗಳು ಗಾಳಿಗೆ. ಟಿಸಿಪಿ ಬಳಸಿ, ಸಂಪರ್ಕ ಕಡಿಯುವ ಕ್ಷಣದ ಸಾಲುಗಳೂ ಉಳಿಯಬೇಕೆಂದರೆ ತಲುಪಿದ್ದನ್ನು ಖಾತರಿ ಮಾಡಿಕೊಳ್ಳುವ ಆರ್‌ಇಎಲ್‌ಪಿ. ಶಿರಸಿ ಶಾಖೆಯಿಂದ ಕಾರವಾರಕ್ಕೆ ಇಂಟರ್‌ನೆಟ್ ಮೇಲೆ ಕಳಿಸುವುದಾದರೆ ವೈರ್‌ಗಾರ್ಡ್‌ನ ಎನ್‌ಕ್ರಿಪ್ಟ್ ಆದ ಸುರಂಗದೊಳಗೆ ಕಳಿಸಿ, ಯಾಕೆಂದರೆ ಬರಿಯ ಸಿಸ್‌ಲಾಗ್ ಯಾರೂ ಓದಬಹುದಾದ ಪಠ್ಯ. ಶಾಖೆಯ ರೂಟರ್ ಹಿಂದಿನಿಂದ ಸುರಂಗ ಜೀವಂತ ಇರಲು ಕೀಪ್‌ಅಲೈವ್ 25 ಸೆಕೆಂಡ್ ಕೊಡಿ.

ಇನ್ನು ಮುಖ್ಯ ವಿಷಯ, ಸರತಿ, ಅಂದರೆ ಕಳಿಸಲು ಕಾದಿರುವ ಸಾಲುಗಳ ಪಟ್ಟಿ. ಸುಮ್ಮನೆ ‘ಈ ವಿಳಾಸಕ್ಕೆ ಕಳಿಸು’ ಎಂದು ಒಂದು ಸಾಲು ಬರೆದರೆ, ನೆಟ್ ಇಲ್ಲದಾಗಿನ ಸಂದೇಶಗಳು ಎಸೆದುಹೋಗುತ್ತವೆ. ಅದಕ್ಕೆಂದು ಮರುಪ್ರಯತ್ನದ ಸಂಖ್ಯೆಯನ್ನು ಮೈನಸ್ 1, ಅಂದರೆ ‘ಬಿಡದೆ ಯತ್ನಿಸು’ ಎಂದು ಮಾಡಿ ಬಿಟ್ಟರೆ ಇನ್ನೂ ಕಷ್ಟ: ಮುಖ್ಯ ಸರತಿಯೇ ಕಟ್ಟಿಕೊಂಡು ಸ್ಥಳೀಯ ಲಾಗೂ ನಿಲ್ಲುತ್ತದೆ, ಕೆಲವೊಮ್ಮೆ ಎಸ್‌ಎಸ್‌ಎಚ್ ಲಾಗಿನ್ ಕೂಡ ತೆವಳುತ್ತದೆ. ಸರಿಯಾದ ಕ್ರಮವೆಂದರೆ ಆ ಕಳಿಸುವ ಕ್ರಿಯೆಗೇ ಬೇರೆ ಸರತಿ: ಲಿಂಕ್ಡ್‌ಲಿಸ್ಟ್ ಬಗೆ, ಅದಕ್ಕೊಂದು ಕಡತದ ಹೆಸರು, ಡಿಸ್ಕ್‌ನಲ್ಲಿ 1 ಜಿಬಿ ಮಿತಿ, ನಿಲ್ಲುವಾಗ ಉಳಿಸು, ಮರುಪ್ರಯತ್ನ ಮೈನಸ್ 1. ಐದೂ ಒಟ್ಟಿಗೆ. ಮೇಲಿನ ಲೆಕ್ಕದ ದಿನಕ್ಕೆ 25 ಎಂಬಿಯಂತೆ 1 ಜಿಬಿ ಅಂದರೆ 40 ದಿನ. ಎಂಥ ಮಳೆಗಾಲಕ್ಕೂ ಸಾಕು. ‘ನಿಲ್ಲುವಾಗ ಉಳಿಸು’ ಕೆಲಸ ಮಾಡುವುದು ಕ್ರಮವಾಗಿ ಶಟ್‌ಡೌನ್ ಆದರೆ ಮಾತ್ರ, ಹಾಗಾಗಿ ಯುಪಿಎಸ್ ಬ್ಯಾಟರಿ ಇಳಿಯುವ ಮೊದಲೇ ಯಂತ್ರ ತಾನಾಗಿ ಆಫ್ ಆಗುವಂತೆ ಯುಪಿಎಸ್‌ನ ಯುಎಸ್‌ಬಿ ತಂತಿಯನ್ನು ಜೋಡಿಸಿ. ಬಹಳ ಕಡೆ ಆ ತಂತಿ ಡಬ್ಬದೊಳಗೇ ಉಳಿದಿರುತ್ತದೆ.

ವಿಂಡೋಸ್ ಯಂತ್ರಗಳಿದ್ದರೆ ಎನ್‌ಎಕ್ಸ್‌ಲಾಗ್‌ನಂಥ ಏಜೆಂಟ್ (ಲಾಗ್ ಓದಿ ಕಳಿಸುವ ಪ್ರೋಗ್ರಾಂ) ಹಾಕಿ ಇದೇ ಪೆಟ್ಟಿಗೆಗೆ ಕಳಿಸಬಹುದು. ಸಾಮಾನ್ಯ ಕಚೇರಿ ಪಿಸಿಯ ಸೆಕ್ಯುರಿಟಿ ಲಾಗ್ 20 ಎಂಬಿ ತುಂಬಿದೊಡನೆ ಹಳೆಯದರ ಮೇಲೆ ಬರೆಯತೊಡಗುತ್ತದೆ. ಕನಿಷ್ಠ ಘಟನೆ ಸಂಖ್ಯೆ 4625 (ಸೋತ ಲಾಗಿನ್), 1102 (ಲಾಗ್ ಅಳಿಸಿದ್ದು), 6008 (ಅನಿರೀಕ್ಷಿತವಾಗಿ ನಿಂತದ್ದು) ಈ ಮೂರನ್ನು ಕಳಿಸಿ. ಮಳೆಗಾಲದಲ್ಲಿ 6008ರ ರಾಶಿಯೇ ಬೀಳುತ್ತದೆ. ಯಾವ ಪಿಸಿಯ ಯುಪಿಎಸ್ ಸತ್ತಿದೆ ಎಂದು ಅದರಿಂದಲೇ ಗೊತ್ತಾಗುತ್ತದೆ.

ಆಯ್ಕೆ 3: ಗ್ರಫಾನಾ ಲೋಕಿ

ಬ್ರೌಸರ್‌ನಲ್ಲಿ ನೋಡಬೇಕು, ಎಚ್ಚರಿಕೆ ಮೊಬೈಲ್‌ಗೆ ಬರಬೇಕು, ಕಂಟೇನರ್‌ಗಳು ಹತ್ತಾರು ಇವೆ ಎನ್ನುವವರಿಗೆ ಲೋಕಿ. ಅದು ಸಾಲಿನೊಳಗಿನ ಪದಗಳನ್ನು ಸೂಚಿ ಮಾಡುವುದಿಲ್ಲ, ಲೇಬಲ್‌ಗಳನ್ನು ಮಾತ್ರ. ಶಿರಸಿಯ ಅಡಿಕೆ ಮಾರುಕಟ್ಟೆಯಲ್ಲಿ ರಾಶಿ, ಬೆಟ್ಟೆ, ಚಾಲಿ ಎಂದು ಚೀಲದ ಮೇಲೆ ಬರೆದಿಟ್ಟ ಹಾಗೆ: ಚೀಲ ಕೂಡಲೇ ಸಿಗುತ್ತದೆ, ಒಳಗಿನದಕ್ಕೆ ಚೀಲ ಬಿಚ್ಚಿ ಕೈಯಾಡಿಸಬೇಕು. ಹಾಗಾಗಿ ಡಿಸ್ಕ್, ರ್ಯಾಮ್ ಎರಡೂ ಕಡಿಮೆ ಸಾಕು. ಗ್ರಫಾನಾ ಸೇರಿ 4 ಜಿಬಿಯ ಯಂತ್ರದಲ್ಲಿ ಸಣ್ಣ ಹೊರೆ ನಿಭಾಯಿಸುತ್ತದೆ. ಲೇಬಲ್ ಎಂದರೆ ಯಂತ್ರದ ಹೆಸರು, ಸರ್ವಿಸ್, ಊರು, ಇಷ್ಟೇ. ಐಪಿ ವಿಳಾಸವನ್ನೋ ಗ್ರಾಹಕ ಸಂಖ್ಯೆಯನ್ನೋ ಲೇಬಲ್ ಮಾಡಿದರೆ ಸಾವಿರಾರು ಸಣ್ಣ ಸಣ್ಣ ತುಂಡುಗಳಾಗಿ ಲೋಕಿ ಕುಸಿಯುತ್ತದೆ.

ಡೀಫಾಲ್ಟ್‌ಗಳನ್ನು ನೋಡಿಕೊಂಡು ಹಾಕಿ. ಲೋಕಿ ತಾನಾಗಿ ಯಾವುದನ್ನೂ ಅಳಿಸುವುದಿಲ್ಲ. ಕಂಪ್ಯಾಕ್ಟರ್‌ನಲ್ಲಿ ರಿಟೆನ್ಷನ್ ಚಾಲೂ ಮಾಡಿ ಅವಧಿ ಬರೆಯದಿದ್ದರೆ ಡಿಸ್ಕ್ ತುಂಬಿ ನಿಲ್ಲುತ್ತದೆ. ಒಂದು ಪ್ರಶ್ನೆ ಗರಿಷ್ಠ 721 ಗಂಟೆ, ಅಂದರೆ ತಿಂಗಳಷ್ಟನ್ನೇ ಹುಡುಕುತ್ತದೆ. ಆಡಿಟರ್ 180 ದಿನದ್ದು ಕೇಳಿದರೆ ತುಂಡು ತುಂಡಾಗಿ ತೆಗೆಯಬೇಕು ಇಲ್ಲವೇ ಮಿತಿ ಏರಿಸಬೇಕು. ಕಳಿಸುವ ಏಜೆಂಟ್ ಆಗಿದ್ದ ಪ್ರಾಮ್‌ಟೇಲ್‌ಗೆ ಬೆಂಬಲ ಮುಗಿದಿದೆ, ಹೊಸದಾಗಿ ಹಾಕುವವರು ಅಲಾಯ್ ಹಾಕಿ.

ಘಟ್ಟದ ಮೇಲಿನವರಿಗೆ ನಿಜವಾದ ಅಪಾಯ ಇಲ್ಲಿದೆ. ಈ ಏಜೆಂಟ್‌ಗಳು ಮೂಲತಃ 10 ಸಲ ಮರುಪ್ರಯತ್ನಿಸುತ್ತವೆ: ಅರ್ಧ ಸೆಕೆಂಡ್, 1, 2, 4 ಹೀಗೆ ಇಮ್ಮಡಿಸುತ್ತಾ ಹೋಗಿ ಒಟ್ಟು ಸುಮಾರು ಎಂಟೂವರೆ ನಿಮಿಷ. ಅಷ್ಟರಲ್ಲಿ ಲೋಕಿ ಸಿಗದಿದ್ದರೆ ಕೈಯಲ್ಲಿದ್ದ ಸಾಲುಗಳ ಕಟ್ಟನ್ನು ಬಿಟ್ಟು ಮುಂದೆ ಹೋಗುತ್ತವೆ. ಎಂಟೂವರೆ ನಿಮಿಷ ನೆಟ್ ಇಲ್ಲದಿರುವುದು ನಮ್ಮಲ್ಲಿ ಸುದ್ದಿಯೇ ಅಲ್ಲ. ಮರುಪ್ರಯತ್ನವನ್ನು 500ಕ್ಕೆ ಏರಿಸಿದರೆ, ಒಂದೊಂದರ ನಡುವೆ ಗರಿಷ್ಠ 5 ನಿಮಿಷದಂತೆ, ಸುಮಾರು 41 ಗಂಟೆ ಕಾಯುತ್ತದೆ. ಒಂದು ವಾರಕ್ಕಿಂತ ಹಳೆಯ ಸಾಲುಗಳನ್ನು ಲೋಕಿಯೇ ಮೂಲತಃ ತಿರಸ್ಕರಿಸುತ್ತದೆ, ಅದನ್ನೂ ಬದಲಾಯಿಸಬಹುದು. ನಾನು ಮೆಚ್ಚುವ ಜೋಡಣೆ ಬೇರೆ: ಊರಿಂದ ಊರಿಗೆ ಆರ್‌ಸಿಸ್‌ಲಾಗ್ ತರಲಿ, ಸಂಗ್ರಹ ಯಂತ್ರದ ಕಡತಗಳನ್ನು ಅದೇ ಯಂತ್ರದಲ್ಲಿರುವ ಅಲಾಯ್ ಓದಿ ಲೋಕಿಗೆ ಹಾಕಲಿ. ಲೋಕಿ ಕೆಟ್ಟರೂ ಕಡತ ಇರುತ್ತದೆ.

ಲೋಕಿಯ 3100ನೇ ಪೋರ್ಟ್‌ಗೆ ತನ್ನದೇ ಪಾಸ್‌ವರ್ಡ್ ಕಾವಲಿಲ್ಲ. ಅದನ್ನು ಹೊರಗೆ ತೆರೆದಿಡಬೇಡಿ.

ಆಯ್ಕೆ 4: ಎಲಾಸ್ಟಿಕ್‌ಸರ್ಚ್, ಓಪನ್‌ಸರ್ಚ್, ಗ್ರೇಲಾಗ್

ಪ್ರತಿ ಪದವನ್ನೂ ಸೂಚಿ ಮಾಡುವ ಬಳಗ. 180 ದಿನದಲ್ಲಿ ಒಂದು ಐಪಿ ಎಲ್ಲೆಲ್ಲಿ ಕಾಣಿಸಿಕೊಂಡಿತು ಎಂದರೆ ಕ್ಷಣದಲ್ಲಿ ಹೇಳುತ್ತದೆ. ಇದರಲ್ಲಿ ಲೋಕಿ ಹತ್ತಿರ ಬರುವುದಿಲ್ಲ. ಜತೆಗೆ ಫೈಲ್‌ಬೀಟ್ ಏಜೆಂಟ್ ಎಲ್ಲಿಯವರೆಗೆ ಓದಿದೆ ಎಂದು ಬರೆದಿಟ್ಟುಕೊಂಡು, ನೆಟ್ ಬರುವವರೆಗೂ ಬಿಡದೆ ಯತ್ನಿಸುತ್ತದೆ. ಮಳೆಗಾಲದ ಪರೀಕ್ಷೆಯಲ್ಲಿ ಅದಕ್ಕೆ ಒಳ್ಳೆಯ ಅಂಕ.

ಬೆಲೆ ರ್ಯಾಮ್‌ನಲ್ಲಿ. ಜಾವಾ ಹೀಪ್‌ಗೆ ಯಂತ್ರದ ಅರ್ಧದಷ್ಟು ರ್ಯಾಮ್ ಕೊಡಬೇಕು. 8 ಜಿಬಿಗಿಂತ ಕಡಿಮೆ ಇದ್ದಲ್ಲಿ ಶುರು ಮಾಡಬೇಡಿ. ಡಿಸ್ಕ್ ಶೇ. 95 ತಲುಪಿದರೆ ಇಂಡೆಕ್ಸ್‌ಗಳನ್ನು ಬರೆಯಲಾಗದಂತೆ ಬೀಗ ಹಾಕಿಬಿಡುತ್ತದೆ, ಲಾಗ್ ಬರುವುದೇ ನಿಲ್ಲುತ್ತದೆ. ಒಂದೇ ಯಂತ್ರದಲ್ಲಿ ಹಾಕಿ ‘ಸ್ಥಿತಿ ಹಳದಿ’ ಎಂದು ಗಾಬರಿಯಾಗುವವರೂ ಇದ್ದಾರೆ. ನಕಲು ಇಡಲು ಎರಡನೇ ಯಂತ್ರ ಇಲ್ಲ ಎಂದಷ್ಟೇ ಅದರರ್ಥ, ರೆಪ್ಲಿಕಾ ಸೊನ್ನೆ ಮಾಡಿದರೆ ಹಸಿರು. ಗ್ರೇಲಾಗ್‌ನ ಪರದೆ ಅಡ್ಮಿನ್‌ಗಳಿಗೆ ಹಿತ, ಆದರೆ ಅದರ ಕೆಳಗೆ ಮಾಂಗೋಡಿಬಿ, ಓಪನ್‌ಸರ್ಚ್ ಎರಡನ್ನೂ ಸಾಕಬೇಕು. ಆವೃತ್ತಿ ಏರಿಸುವುದು, ಹಳೆಯ ಇಂಡೆಕ್ಸ್ ತೆಗೆಯುವುದು ನಿರಂತರ ಕೆಲಸ. ಅದಕ್ಕೆಂದೇ ಒಬ್ಬರಿದ್ದರೆ ಹಾಕಿ. ಪ್ರಿಂಟರ್ ಕಾಗದವನ್ನೂ ನೀವೇ ತೆಗೆಯಬೇಕಿದ್ದರೆ ಬೇಡ.

ಆಯ್ಕೆ 5: ಕ್ಲೌಡ್ ಸೇವೆ

ನಿಮ್ಮ ಸರ್ವರ್ ಈಗಾಗಲೇ ಕ್ಲೌಡ್‌ನಲ್ಲಿದ್ದರೆ ಅಲ್ಲಿಯದೇ ಲಾಗ್ ಸೇವೆ ಸಲೀಸು. ನಮ್ಮ ಕರೆಂಟಿಗೂ ಅದಕ್ಕೂ ಸಂಬಂಧವಿಲ್ಲ. ಸರ್ವರ್ ಕಚೇರಿಯಲ್ಲೇ ಇದ್ದರೆ ಪ್ರತಿ ಸಾಲನ್ನೂ ಮೇಲಕ್ಕೆ ಕಳಿಸಲು ನಿಮ್ಮ ನೆಟ್ ಸವೆಯುತ್ತದೆ. ಹಣ ತೆರುವುದು ಒಳಬರುವ ಜಿಬಿಗೆ, ಇಟ್ಟುಕೊಂಡ ಜಿಬಿಗೆ. ಯಾರೋ ಡೀಬಗ್ ಮಟ್ಟ ಚಾಲೂ ಮಾಡಿ ಮರೆತರೆ ಬಿಲ್‌ನಲ್ಲಿ ಕಾಣುತ್ತದೆ. ಅಮೆಜಾನ್‌ನ ಕ್ಲೌಡ್‌ವಾಚ್‌ನಲ್ಲಿ ಲಾಗ್ ಗುಂಪಿನ ಅವಧಿ ಮೂಲತಃ ‘ಎಂದೂ ಮುಗಿಯದು’. 180 ದಿನಕ್ಕೆ ಇಳಿಸಿ, ಪ್ರದೇಶ ಮುಂಬೈ ಅಥವಾ ಹೈದರಾಬಾದ್ ಇರಲಿ.

ಯಾರಿಗೆ ಯಾವುದು

ಒಂದೇ ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್), ಒಂದೇ ತಾಣ: ಆಯ್ಕೆ 1, ಮತ್ತು ರಾತ್ರಿಗೊಮ್ಮೆ ಜಿಜಿಪ್ ಕಡತಗಳನ್ನು ಆರ್‌ಸಿಂಕ್‌ನಿಂದ ಬೇರೆಡೆಗೆ ನಕಲು. ಆ ನಕಲನ್ನು ಬೇರೆಡೆಯ ಯಂತ್ರವೇ ಎಳೆದುಕೊಳ್ಳಲಿ. ವಿಪಿಎಸ್ ತಳ್ಳುವಂತಿದ್ದರೆ ಅದಕ್ಕೆ ಹೊಕ್ಕವನು ನಕಲನ್ನೂ ಅಳಿಸಬಲ್ಲ. ಎರಡರಿಂದ ಹತ್ತು ಯಂತ್ರ, ಎರಡು-ಮೂರು ಊರಿನ ಶಾಖೆಗಳು, ನೋಡುವವರು ಒಬ್ಬರು: ಆಯ್ಕೆ 2, ಎರಡನೇ ಯೋಚನೆ ಬೇಡ. ಅದೇ ಗಾತ್ರ, ಆದರೆ ಮ್ಯಾನೇಜರ್‌ಗೂ ಕಾಣಬೇಕು ಅಥವಾ ಎಲ್ಲವೂ ಕಂಟೇನರ್‌ನಲ್ಲಿದೆ: 2ರ ಮೇಲೆ 3. ದಿನಕ್ಕೆ ಹಲವು ಜಿಬಿ ಬರುತ್ತದೆ, ಭದ್ರತೆಯ ತನಿಖೆಗೆಂದೇ ಹಳೆಯ ಲಾಗ್ ಹುಡುಕುವ ತಂಡವಿದೆ: 4. 2 ಮತ್ತು 3ರ ನಡುವೆ ತೂಗಾಡುತ್ತಿರುವವರು 2ನ್ನು ಹಾಕಿಬಿಡಿ. ಲೋಕಿಯನ್ನು ಆಮೇಲೆ ಮೇಲಿನಿಂದ ಕೂರಿಸಲು ಕೆಳಗಿನ ಯಾವುದನ್ನೂ ಕೀಳಬೇಕಾಗಿಲ್ಲ.

ಯಾವುದನ್ನೇ ಹಾಕಿದರೂ ಎಲ್ಲ ಯಂತ್ರಗಳಲ್ಲಿ ಗಡಿಯಾರ ಹೊಂದಿಸುವ ಕ್ರೋನಿ ಓಡಲಿ, ಸಮಯ ಎನ್‌ಐಸಿಯ ಸರ್ವರ್‌ನಿಂದ ಬರಲಿ. ಒಂದು ಯಂತ್ರ ಯುಟಿಸಿಯಲ್ಲಿ, ಇನ್ನೊಂದು ಭಾರತೀಯ ಸಮಯದಲ್ಲಿ ಬರೆಯುತ್ತಿದ್ದರೆ ಐದೂವರೆ ಗಂಟೆಯ ಅಂತರದಲ್ಲಿ ಒಂದೇ ಘಟನೆ ಎರಡಾಗಿ ಕಾಣುತ್ತದೆ.

ಮಳೆ ಶುರುವಾಗುವ ಮೊದಲು, ಮೇ ತಿಂಗಳಲ್ಲೇ ಹೀಗೆ ಪರೀಕ್ಷಿಸಿ. ಶಾಖೆಯ ಸರ್ವರ್‌ನಿಂದ ಲಾಗರ್ ಆಜ್ಞೆಯಲ್ಲಿ ‘ಪರೀಕ್ಷೆ 1’ ಎಂದು ಕಳಿಸಿ, ಕೇಂದ್ರದಲ್ಲಿ ಬಂತೇ ನೋಡಿ. ನೆಟ್ ಕೇಬಲ್ ಕಿತ್ತು ‘ಪರೀಕ್ಷೆ 2’ ಕಳಿಸಿ, ಇಪ್ಪತ್ತು ನಿಮಿಷ ಹಾಗೇ ಬಿಡಿ. ನಡುವೆ ಸರ್ವರನ್ನೊಮ್ಮೆ ಕ್ರಮವಾಗಿ ರೀಬೂಟ್ ಮಾಡಿ ‘ಪರೀಕ್ಷೆ 3’ ಕಳಿಸಿ. ಆಮೇಲೆ ಕೇಬಲ್ ಚುಚ್ಚಿ, ಹತ್ತು ನಿಮಿಷ ಬಿಟ್ಟು ಕೇಂದ್ರದಲ್ಲಿ ಗ್ರೆಪ್ ಮಾಡಿ. ಮೂರೂ ಸಾಲು ತಮ್ಮ ತಮ್ಮ ಸಮಯದೊಂದಿಗೆ ಬಂದಿರಬೇಕು. ಎರಡನೆಯದು ಕಾಣದಿದ್ದರೆ ಸರತಿಗೆ ಕಡತದ ಹೆಸರು ಕೊಟ್ಟಿಲ್ಲ ಅಥವಾ ಸರತಿಯ ಫೋಲ್ಡರ್‌ಗೆ ಬರೆಯುವ ಅನುಮತಿ ಇಲ್ಲ ಎಂದು ತಿಳಿದು ಅಲ್ಲಿಂದ ಹುಡುಕಲು ಶುರು ಮಾಡಿ.